ಮಕ್ಕಳಾಗುವ ಚಿಕಿತ್ಸೆಯ ನಡುವೆ ಏದುಸಿರು

ಅಂಡಾಶಯ ಇರುವುದು ಕಿಬ್ಬೊಟ್ಟೆಯಲ್ಲಿ, ಶ್ವಾಸಕೋಶ ಇರುವುದು ಎದೆಗೂಡಿನಲ್ಲಿ. ಇವೆರಡರ ನಡುವೆ ವಪೆ ಎಂಬ ಸ್ನಾಯುವಿನ ಗೋಡೆಯೇ ಇದೆ. ಹೀಗಿರುವಾಗ ಅಂಡಾಶಯವನ್ನು ಪ್ರಚೋದಿಸಲು ಕೊಟ್ಟ ಚುಚ್ಚುಮದ್ದಿನಿಂದ ಉಸಿರಾಟಕ್ಕೆ ತೊಂದರೆಯಾಗಬಹುದು ಎಂದರೆ ಬಹಳ ಜನ ನಂಬುವುದಿಲ್ಲ. ಹೊಟ್ಟೆ ಉಬ್ಬಿದರೆ ಗ್ಯಾಸು, ಎದೆ ಬಿಗಿದರೆ ಗಾಬರಿ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ನಿಶ್ಶಕ್ತಿ ಎಂದು ತಾವೇ ಕಾರಣ ಹುಡುಕಿಕೊಂಡು ಸುಮ್ಮನಾಗುತ್ತಾರೆ. ಸಂತಾನ ಚಿಕಿತ್ಸೆ ಪಡೆಯುತ್ತಿರುವ ಮಹಿಳೆಯ ವಿಷಯದಲ್ಲಿ ಹೀಗೆ ಸುಮ್ಮನಿರುವುದು ಅಪಾಯಕರ.

ಇದು ತಜ್ಞರು ಬರೆಯಬೇಕಾದ ವಿಷಯವಲ್ಲವೇ ಎಂದು ನೀವು ಕೇಳಬಹುದು. ಚಿಕಿತ್ಸೆ ನೀಡುವವರು ತಜ್ಞರು, ನಿಜ. ಆದರೆ ತೊಂದರೆ ಕಾಣಿಸಿಕೊಂಡಾಗ ರೋಗಿ ಮೊದಲು ಬಾಗಿಲು ತಟ್ಟುವುದು ನಮ್ಮಂಥ ಸಾಮಾನ್ಯ ವೈದ್ಯರದ್ದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಅಂಡಾಣು ತೆಗೆಸಿಕೊಂಡು, ರಾತ್ರಿ ಬಸ್ಸು ಹತ್ತಿ ಊರು ಸೇರಿದ ನಾಲ್ಕನೆಯ ದಿನ ಉಸಿರು ಕಟ್ಟಿದಂತಾದರೆ, ಆಕೆ ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಆ ತಜ್ಞರ ಬಳಿಗೆ ಓಡಲು ಸಾಧ್ಯವೇ? ಪಕ್ಕದ ಬೀದಿಯ ಡಾಕ್ಟರಲ್ಲಿಗೇ ಬರುತ್ತಾಳೆ. ಅಲ್ಲಿ ಇನ್ನೊಂದು ತೊಡಕು. ಜೊತೆಯಲ್ಲಿ ಅತ್ತೆಯೋ ನಾದಿನಿಯೋ ಇರುತ್ತಾರೆ, ಅವರಿಗೆ ಚಿಕಿತ್ಸೆಯ ವಿಷಯ ತಿಳಿಸಿರುವುದಿಲ್ಲ. "ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ. ಆ ಒಂದು "ಇಲ್ಲ" ಎಂಬ ಮಾತು ವೈದ್ಯರನ್ನು ಪೂರ್ತಿ ಬೇರೆ ದಾರಿಗೆ ಕೊಂಡೊಯ್ಯುತ್ತದೆ. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಒಂದರ ಬದಲು ಹತ್ತು ಅಂಡಾಣು

ಸಹಜವಾಗಿ ಹೆಣ್ಣಿನ ಅಂಡಾಶಯದಲ್ಲಿ ತಿಂಗಳಿಗೆ ಒಂದು ಅಂಡಾಣು ಪಕ್ವವಾಗುತ್ತದೆ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಒಂದೇ ಅಂಡಾಣುವನ್ನು ನಂಬಿ ಕೂರಲಾಗುವುದಿಲ್ಲ. ಎಂಟು, ಹತ್ತು, ಹದಿನೈದು ಸಿಕ್ಕರೆ ಅವುಗಳಲ್ಲಿ ಕೆಲವಾದರೂ ಭ್ರೂಣಗಳಾಗುತ್ತವೆ ಎಂಬುದು ಲೆಕ್ಕಾಚಾರ. ಇದಕ್ಕಾಗಿ ಎಫ್.ಎಸ್.ಎಚ್. ಅಥವಾ ಎಚ್.ಎಂ.ಜಿ. ಎಂಬ ಹಾರ್ಮೋನುಗಳ ಚುಚ್ಚುಮದ್ದನ್ನು ಸುಮಾರು ಹತ್ತು ದಿನ ಕೊಡುತ್ತಾರೆ. ಈ ಎಚ್.ಎಂ.ಜಿ. ಮೊದಲು ದೊರೆತ ಬಗೆ ಸ್ವಾರಸ್ಯಕರವಾದುದು. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಈ ಹಾರ್ಮೋನು ಹೇರಳವಾಗಿರುತ್ತದೆ. ಇಟಲಿಯ ಔಷಧ ಕಂಪನಿಯೊಂದು ಕ್ರೈಸ್ತ ಸನ್ಯಾಸಿನಿಯರ ಆಶ್ರಮಗಳಿಂದ ಮೂತ್ರ ಸಂಗ್ರಹಿಸಿ ಅದನ್ನು ಬೇರ್ಪಡಿಸಿತು. ಈ ಔಷಧದಿಂದ ಗರ್ಭ ಧರಿಸಿದ ತಾಯಿಗೆ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ. ಮಕ್ಕಳನ್ನು ಬಯಸದ ಸನ್ಯಾಸಿನಿಯರಿಂದ ಮಕ್ಕಳಿಲ್ಲದವರಿಗೆ ಔಷಧಿ!

ಅಂಡಾಣುಗಳು ಬೆಳೆದ ಮೇಲೆ ಕೊನೆಯದಾಗಿ ಎಚ್.ಸಿ.ಜಿ. ಎಂಬ ಇನ್ನೊಂದು ಚುಚ್ಚುಮದ್ದು. ಇದು ಅಂಡಾಣುಗಳನ್ನು ಪೂರ್ತಿ ಮಾಗಿಸುತ್ತದೆ. ಇದಾದ ಸುಮಾರು 36 ಗಂಟೆಗಳಿಗೆ ಸೂಜಿಯ ಮೂಲಕ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ತೊಂದರೆಯ ಬೀಜ ಇರುವುದು ಈ ಕೊನೆಯ ಚುಚ್ಚುಮದ್ದಿನಲ್ಲೇ.

ಕೆಲವು ಮಹಿಳೆಯರಲ್ಲಿ ಅಂಡಾಶಯ ಈ ಪ್ರಚೋದನೆಗೆ ಅತಿಯಾಗಿ ಸ್ಪಂದಿಸುತ್ತದೆ. ಸುಮಾರು ಮೂರು ಸೆಂಟಿಮೀಟರ್ ಉದ್ದವಿರುವ ಅಂಡಾಶಯ ಎಂಟು, ಹತ್ತು, ತೀವ್ರ ಸಂದರ್ಭಗಳಲ್ಲಿ ಹನ್ನೆರಡು ಸೆಂಟಿಮೀಟರಿಗೂ ಮೀರಿ ಊದಿಕೊಳ್ಳುತ್ತದೆ. ಊದಿದ ಅಂಡಾಶಯ ಎಚ್.ಸಿ.ಜಿ. ಪ್ರಭಾವದಿಂದ ವಿ.ಇ.ಜಿ.ಎಫ್. ಎಂಬ ವಸ್ತುವನ್ನು ರಕ್ತಕ್ಕೆ ಸುರಿಯುತ್ತದೆ. ಇದರ ಕೆಲಸ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುವುದು. ನೀರು ತುಂಬಿದ ಹೊಸ ಮಣ್ಣಿನ ಮಡಕೆ ಜಿನುಗುವುದನ್ನು ನೋಡಿದ್ದೀರಲ್ಲ, ಹಾಗೆಯೇ ಲೋಮನಾಳಗಳಿಂದ ನೀರು ಮತ್ತು ಪ್ರೋಟೀನು ಹೊರಗೆ ಜಿನುಗತೊಡಗುತ್ತವೆ. ಜಿನುಗಿದ ನೀರು ಹೊಟ್ಟೆಯ ಕುಹರದಲ್ಲಿ, ಕೆಲವೊಮ್ಮೆ ಶ್ವಾಸಕೋಶದ ಸುತ್ತಲಿನ ಪೊರೆಗಳ ನಡುವೆ ತುಂಬಿಕೊಳ್ಳುತ್ತದೆ. ಇತ್ತ ರಕ್ತನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಒಂದೆಡೆ ಬೇಡದ ಜಾಗದಲ್ಲಿ ನೀರು, ಇನ್ನೊಂದೆಡೆ ಬೇಕಾದ ಜಾಗದಲ್ಲಿ ನೀರಿನ ಬರ. ಈ ಕಾಯಿಲೆಯ ಎಲ್ಲ ಲಕ್ಷಣಗಳೂ ಈ ಎರಡು ಸಂಗತಿಗಳಿಂದಲೇ ಹುಟ್ಟುತ್ತವೆ. ಇದನ್ನು ಅಂಡಾಶಯದ ಅತಿಪ್ರಚೋದನೆ, ಚಿಕ್ಕದಾಗಿ ಓ.ಎಚ್.ಎಸ್.ಎಸ್. ಎಂದು ಕರೆಯುತ್ತಾರೆ.

ಭಯ ಬೇಡ. ಐ.ವಿ.ಎಫ್. ಚಿಕಿತ್ಸೆ ಪಡೆಯುವ ನೂರರಲ್ಲಿ ಸುಮಾರು 33 ಮಂದಿಯವರೆಗೆ ಇದರ ಸೌಮ್ಯ ರೂಪ ಕಾಣಬಹುದು. ಹೊಟ್ಟೆ ಸ್ವಲ್ಪ ಉಬ್ಬುತ್ತದೆ, ಸ್ವಲ್ಪ ನೋಯುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮಧ್ಯಮ ಅಥವಾ ತೀವ್ರ ರೂಪ ತಾಳುವುದು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ. ಶ್ವಾಸಕೋಶಕ್ಕೆ ತಟ್ಟುವುದು ಮುಖ್ಯವಾಗಿ ಇಂಥವರಲ್ಲೇ.

ಎದೆಯಲ್ಲಿ ನೀರು, ಕ್ಷಯವೆಂಬ ಶಂಕೆ

ಹೊಟ್ಟೆಯಲ್ಲಿ ನೀರು ತುಂಬಿದಾಗ ವಪೆ ಮೇಲಕ್ಕೆ ಒತ್ತಲ್ಪಡುತ್ತದೆ. ಶ್ವಾಸಕೋಶಕ್ಕೆ ಅರಳಲು ಜಾಗ ಸಾಲದು. ಕುಳಿತಾಗ ಪರವಾಗಿಲ್ಲ ಎನಿಸಿದರೂ ಅಂಗಾತ ಮಲಗಿದ ಕೂಡಲೇ ಉಸಿರು ಕಟ್ಟುತ್ತದೆ, ಎರಡು ಮೂರು ದಿಂಬು ಬೇಕಾಗುತ್ತದೆ. ಅಷ್ಟಕ್ಕೇ ನಿಲ್ಲದೆ ವಪೆಯಲ್ಲಿರುವ ಸಣ್ಣ ರಂಧ್ರಗಳ ಮತ್ತು ದುಗ್ಧನಾಳಗಳ ಮೂಲಕ ಹೊಟ್ಟೆಯ ನೀರು ಎದೆಗೂಡಿಗೂ ಏರಬಲ್ಲದು. ಹೆಚ್ಚಾಗಿ ಇದು ತುಂಬುವುದು ಬಲಭಾಗದಲ್ಲಿ. ಒಣಕೆಮ್ಮು, ದೀರ್ಘ ಉಸಿರೆಳೆದಾಗ ಚುಚ್ಚಿದಂಥ ನೋವು, ಬಲ ಭುಜದ ತುದಿಯಲ್ಲಿ ನೋವು ಇವೆಲ್ಲ ಕಾಣಬಹುದು. ಅಪರೂಪಕ್ಕೆ ಹೊಟ್ಟೆಯಲ್ಲಿ ಹೇಳಿಕೊಳ್ಳುವಂಥ ನೀರೇ ಇಲ್ಲದೆ ಎದೆಯಲ್ಲಿ ಮಾತ್ರ ನೀರು ತುಂಬಿರುವುದೂ ಉಂಟು.

ಆ "ಇಲ್ಲ" ಎಂಬ ಉತ್ತರಕ್ಕೆ ಈಗ ಬರೋಣ. ಮೂವತ್ತರ ಹರೆಯದ ಹೆಂಗಸು, ಎದೆಯ ಬಲಭಾಗದಲ್ಲಿ ನೀರು, ಒಣಕೆಮ್ಮು, ಏದುಸಿರು. ನಮ್ಮ ದೇಶದಲ್ಲಿ ಈ ಚಿತ್ರ ನೋಡಿದ ಯಾವ ವೈದ್ಯರಿಗಾದರೂ ಮೊದಲು ನೆನಪಾಗುವುದು ಕ್ಷಯ. ಹಾಗೆ ನೆನಪಾಗುವುದು ತಪ್ಪೂ ಅಲ್ಲ. ಸೂಜಿ ಹಾಕಿ ನೀರು ತೆಗೆದರೆ ಅದು ಹುಲ್ಲಿನ ಬಣ್ಣದ, ಪ್ರೋಟೀನು ಹೆಚ್ಚಿರುವ ನೀರು. ಕ್ಷಯದ ನೀರೂ ಹಾಗೆಯೇ ಕಾಣುತ್ತದೆ. ಪ್ರಚೋದನೆಯ ಚುಚ್ಚುಮದ್ದಿನ ಸುದ್ದಿಯೇ ಗೊತ್ತಿಲ್ಲದಿದ್ದರೆ ಆರು ತಿಂಗಳ ಕ್ಷಯದ ಮಾತ್ರೆ ಶುರುವಾಗಿಬಿಡಬಹುದು. ಅದೂ ಆಕೆ ಆಗಷ್ಟೇ ಗರ್ಭ ಧರಿಸುತ್ತಿರುವ ಸಮಯದಲ್ಲಿ! ಜೊತೆಗೆ ನಿಜವಾದ ಕಾಯಿಲೆಗೆ ಬೇಕಾದ ಆರೈಕೆ ತಪ್ಪಿಹೋಗುತ್ತದೆ. ಹೀಗಾಗಿ ವೈದ್ಯರ ಮುಂದೆ ಈ ವಿಷಯ ಮುಚ್ಚಿಡಬೇಡಿ. ಮನೆಯವರ ಎದುರು ಹೇಳಲು ಸಂಕೋಚವಾದರೆ "ಸ್ವಲ್ಪ ಒಬ್ಬಳೇ ಮಾತಾಡಬೇಕು" ಎಂದು ಕೇಳಿ. ಚೀಟಿಯಲ್ಲಿ ಬರೆದು ಕೊಟ್ಟರೂ ಆಯಿತು. ಅದು ಅಲ್ಲಿಗೇ ಉಳಿಯುತ್ತದೆ, ಗುಟ್ಟು ಕಾಯುವುದು ವೈದ್ಯರ ಕರ್ತವ್ಯ.

ಗರ್ಭ ನಿಂತಿರಬಹುದು, ಎದೆಯ ಕ್ಷ-ಕಿರಣ ಬೇಡ ಎನ್ನುವವರಿದ್ದಾರೆ. ಎದೆಯ ಒಂದು ಚಿತ್ರದಿಂದ ಗರ್ಭಕೋಶಕ್ಕೆ ತಲುಪುವ ಕಿರಣ ಅತ್ಯಲ್ಪ. ಉಸಿರಾಟದ ತೊಂದರೆ ಇರುವಾಗ ಅದನ್ನು ತಪ್ಪಿಸುವುದೇ ಹೆಚ್ಚು ಅಪಾಯ. ನೀರು ಎಷ್ಟಿದೆ ಎಂದು ನೋಡಲು ಸ್ಕ್ಯಾನ್ ಸಹ ಸಾಕಾಗುತ್ತದೆ.

ಹೆಪ್ಪುಗಟ್ಟಿದ ರಕ್ತ

ಎದೆಯ ನೀರಿಗಿಂತ ನನಗೆ ಹೆಚ್ಚು ಭಯವಾಗುವುದು ಈ ಎರಡನೆಯ ತೊಂದರೆಯದು. ರಕ್ತ ಗಟ್ಟಿಯಾಗಿದೆ, ಈಸ್ಟ್ರೋಜೆನ್ ಹಾರ್ಮೋನು ಸಹಜಕ್ಕಿಂತ ಹಲವು ಪಟ್ಟು ಏರಿದೆ, ರೋಗಿ ಹಾಸಿಗೆ ಬಿಟ್ಟು ಏಳುತ್ತಿಲ್ಲ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಆ ಹೆಪ್ಪು ಕಳಚಿ ರಕ್ತದೊಡನೆ ಹರಿದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಎದೆಬಡಿತ, ಕೆಲವೊಮ್ಮೆ ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು. ದೊಡ್ಡ ಹೆಪ್ಪಾದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಎರವಾಗುತ್ತದೆ.

ಸಾಮಾನ್ಯವಾಗಿ ಇಂಥ ಹೆಪ್ಪು ಹುಟ್ಟುವುದು ಕಾಲಿನ ಅಭಿಧಮನಿಗಳಲ್ಲಿ. ಮೀನಖಂಡ ಊದಿ ನೋಯುತ್ತದೆ. ಆದರೆ ಅಂಡಾಶಯದ ಅತಿಪ್ರಚೋದನೆಯಲ್ಲಿ ಒಂದು ವಿಚಿತ್ರವಿದೆ. ಹೆಪ್ಪು ಕುತ್ತಿಗೆ ಮತ್ತು ತೋಳಿನ ಅಭಿಧಮನಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಅದೂ ಕೆಲವೊಮ್ಮೆ ಹೊಟ್ಟೆಯುಬ್ಬರ ಇಳಿದು, ಗರ್ಭ ನಿಂತು, ಎಲ್ಲರೂ ಸಂತೋಷದಲ್ಲಿರುವಾಗ, ಕೆಲವು ವಾರಗಳ ನಂತರ. ಕುತ್ತಿಗೆಯ ಒಂದು ಪಕ್ಕ ನೋಯುತ್ತಿದೆ ಎಂದರೆ "ದಿಂಬು ಸರಿಯಿಲ್ಲದೆ ಕುತ್ತಿಗೆ ಉಳುಕಿದೆ" ಎಂದು ಎಣ್ಣೆ ತಿಕ್ಕುವುದು ನಮ್ಮಲ್ಲಿ ವಾಡಿಕೆ. ಸಂತಾನ ಚಿಕಿತ್ಸೆ ಪಡೆದವರಲ್ಲಿ ಕುತ್ತಿಗೆ ಅಥವಾ ಒಂದು ತೋಳು ಊದಿ ನೋಯತೊಡಗಿದರೆ ಎಣ್ಣೆ ತಿಕ್ಕಬೇಡಿ, ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಹೆಪ್ಪುಗಟ್ಟದಂತೆ ತಡೆಯಲು ಹೆಪಾರಿನ್ ಎಂಬ ಚುಚ್ಚುಮದ್ದಿದೆ. ತೀವ್ರ ಅತಿಪ್ರಚೋದನೆಯಾದವರಿಗೆ ಇದನ್ನು ಮುಂಜಾಗ್ರತೆಯಾಗಿಯೇ ಕೊಡುತ್ತಾರೆ, ಗರ್ಭ ನಿಂತರೆ ಮೊದಲ ಮೂರು ತಿಂಗಳವರೆಗೂ ಮುಂದುವರಿಸುವುದುಂಟು. ಇದು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ತಲುಪುವುದಿಲ್ಲ. ದಿನಾ ಸೂಜಿ ಚುಚ್ಚಿಸಿಕೊಂಡು ಸಾಕಾಯಿತು ಎಂದು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಶ್ವಾಸಕೋಶದ ಗಾಳಿಚೀಲಗಳೇ ನೀರಿನಿಂದ ತುಂಬಿ ಕೃತಕ ಉಸಿರಾಟದ ಯಂತ್ರ ಬೇಕಾಗುವ ಸ್ಥಿತಿ ಬಹಳ ಅಪರೂಪ, ಅದು ತೀವ್ರ ನಿಗಾ ಘಟಕದ ಮಾತು. ಅತಿಪ್ರಚೋದನೆಗೆ ಸಂಬಂಧವೇ ಇಲ್ಲದ ಇನ್ನೊಂದು ಅಪರೂಪದ ತೊಂದರೆಯನ್ನೂ ಇಲ್ಲಿ ಹೇಳಬೇಕು. ಭ್ರೂಣ ವರ್ಗಾವಣೆಯ ನಂತರ ಕೊಡುವ ಪ್ರೊಜೆಸ್ಟರಾನ್ ಚುಚ್ಚುಮದ್ದನ್ನು ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಕೆಲವು ತಯಾರಿಕೆಗಳಲ್ಲಿ ಅದು ಎಳ್ಳೆಣ್ಣೆ. ಇದು ಒಗ್ಗದ ಕೆಲವರಲ್ಲಿ ಅಲರ್ಜಿಯಿಂದ ಬರುವ ಒಂದು ಬಗೆಯ ನ್ಯುಮೋನಿಯಾ ವರದಿಯಾಗಿದೆ. ಜ್ವರ, ಕೆಮ್ಮು, ಏದುಸಿರು ಇರುತ್ತವೆ, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಏರಿರಬಹುದು. ಚುಚ್ಚುಮದ್ದು ನಿಲ್ಲಿಸಿ ಜೆಲ್ ಅಥವಾ ಮಾತ್ರೆಯ ರೂಪದ ಪ್ರೊಜೆಸ್ಟರಾನ್ ಬಳಸಬಹುದು. ಎಳ್ಳು ತಿಂದರೆ ಗಂಧೆ ಏಳುವವರು ಇದನ್ನು ತಜ್ಞರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಯಾರು ಎಚ್ಚರ ವಹಿಸಬೇಕು, ಯಾವಾಗ?

ಅಂಡಾಶಯದಲ್ಲಿ ಅನೇಕ ನೀರುಗುಳ್ಳೆಗಳಿರುವ ಪಿ.ಸಿ.ಓ.ಎಸ್. ತೊಂದರೆಯವರು ಎಲ್ಲರಿಗಿಂತ ಮೊದಲು. ಹರೆಯದವರು, ತೆಳ್ಳಗಿರುವವರು, ರಕ್ತದಲ್ಲಿ ಎ.ಎಂ.ಎಚ್. ಪ್ರಮಾಣ ಹೆಚ್ಚಿರುವವರು, ಹಿಂದಿನ ಸಲ ಇದೇ ತೊಂದರೆ ಅನುಭವಿಸಿದವರು ಅವರ ನಂತರ. ಐ.ವಿ.ಎಫ್. ಮಾತ್ರವಲ್ಲ, ಗರ್ಭಕೋಶಕ್ಕೆ ವೀರ್ಯ ಸೇರಿಸುವ ಸರಳ ಚಿಕಿತ್ಸೆಯಲ್ಲೂ ಹಾರ್ಮೋನು ಚುಚ್ಚುಮದ್ದು ಬಳಸಿದ್ದರೆ ಈ ಸಾಧ್ಯತೆ ಇದೆ. ಬರೀ ಮಾತ್ರೆಗಳಿಂದ ತೀವ್ರ ರೂಪ ಬರುವುದು ತೀರ ವಿರಳ.

ಸಮಯದ ಲೆಕ್ಕ ಮುಖ್ಯ. ಎಚ್.ಸಿ.ಜಿ. ಚುಚ್ಚುಮದ್ದಿನ ನಂತರದ ಮೊದಲ ಒಂಬತ್ತು ದಿನಗಳೊಳಗೆ ಕಾಣಿಸಿಕೊಳ್ಳುವುದು ಒಂದು ಬಗೆ. ಹತ್ತು ದಿನ ಕಳೆದ ಮೇಲೆ ಬರುವುದು ಇನ್ನೊಂದು. ಎರಡನೆಯದಕ್ಕೆ ಕಾರಣ ಗರ್ಭವೇ. ಬೆಳೆಯುವ ಗರ್ಭ ತಾನೇ ಎಚ್.ಸಿ.ಜಿ. ತಯಾರಿಸುವುದರಿಂದ ಆರಿದ ಒಲೆಗೆ ಮತ್ತೆ ಸೌದೆ ಇಟ್ಟಂತಾಗುತ್ತದೆ. ಅವಳಿ ಗರ್ಭವಾದರೆ ಇನ್ನೂ ಹೆಚ್ಚು. ಈ ಬಗೆಯದು ಹೆಚ್ಚು ದಿನ ಕಾಡುತ್ತದೆ, ಹೆಚ್ಚು ತೀವ್ರವೂ ಆಗಿರುತ್ತದೆ. ಗರ್ಭ ನಿಲ್ಲದಿದ್ದರೆ ಮುಟ್ಟಿನ ಹೊತ್ತಿಗೆ ಎಲ್ಲವೂ ಇಳಿಯುತ್ತದೆ.

ಅಂಡಾಣು ತೆಗೆದ ದಿನದಿಂದ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ ತೂಕ ನೋಡಿ ಬರೆದಿಡಿ. ಹೊಕ್ಕುಳ ಮಟ್ಟದಲ್ಲಿ ಟೇಪಿನಿಂದ ಹೊಟ್ಟೆಯ ಸುತ್ತಳತೆ ತೆಗೆಯಿರಿ. ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರಿದರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ ಅಂದೇ ಫೋನ್ ಮಾಡಿ. ಮಲಗಿದಾಗ ಉಸಿರು ಕಟ್ಟುವುದು, ಎದೆನೋವು, ಸುಮ್ಮನೆ ಕುಳಿತಾಗಲೂ ನಾಡಿ ನೂರು ದಾಟುವುದು ಇವಕ್ಕೆ ಫೋನ್ ಸಾಲದು, ಆಸ್ಪತ್ರೆಗೇ ಹೋಗಬೇಕು. 2020–21ರ ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯ ಕಪಾಟಿನಲ್ಲಿದ್ದರೆ ಹೊರತೆಗೆಯಿರಿ. 94ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡಬಾರದು. ಆದರೆ 98 ತೋರಿಸಿತು ಎಂದು ಹೆಪ್ಪು ಇಲ್ಲವೆಂದು ತಿಳಿಯಬೇಡಿ, ಸಣ್ಣ ಹೆಪ್ಪಿದ್ದಾಗ ಆಮ್ಲಜನಕ ಸರಿಯಾಗಿಯೇ ಇರಬಹುದು.

ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಬಲವಾಗಿದೆ. ಭ್ರೂಣ ಇಟ್ಟ ಮೇಲೆ ಹೆಣ್ಣುಮಗಳು ಹದಿನೈದು ದಿನ ಹಾಸಿಗೆಯಿಂದ ಏಳಬಾರದು, ಎದ್ದರೆ ಭ್ರೂಣ ಜಾರಿಬೀಳುತ್ತದೆ ಎನ್ನುತ್ತಾರೆ. ಹೇಳುವವರಿಗೆ ಪ್ರೀತಿಯೇ ಇದೆ, ಸಂಶಯವಿಲ್ಲ. ಆದರೆ ಮಲಗಿದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ. ಹೆಚ್ಚುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮಾತ್ರ. ಮನೆಯೊಳಗೆ ಓಡಾಡಿಕೊಂಡಿರಿ, ಅಡಿಗೆ ಮನೆಯ ಹಗುರ ಕೆಲಸ ಮಾಡಿ. ಭಾರ ಎತ್ತುವುದು, ಜಿಗಿಯುವುದು, ಸಂಭೋಗ ಇವು ಮಾತ್ರ ಬೇಡ. ಊದಿದ ಅಂಡಾಶಯ ತನ್ನ ತೊಟ್ಟಿನ ಸುತ್ತ ತಿರುಚಿಕೊಳ್ಳುವ ಭಯವಿದೆ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ, ಮಜ್ಜಿಗೆ, ಎಳನೀರು ಆಗಬಹುದು. ಬಲವಂತವಾಗಿ ಐದಾರು ಲೀಟರ್ ಕುಡಿಯಬೇಕಾಗಿಲ್ಲ. ನೋವಿಗೆ ಪ್ಯಾರಸಿಟಮಾಲ್ ಸಾಕು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಬೇಡ, ಮೊದಲೇ ನೀರು ಕಡಿಮೆಯಾಗಿ ಸೊರಗಿರುವ ಮೂತ್ರಪಿಂಡಕ್ಕೆ ಅವು ಪೆಟ್ಟು ಕೊಡುತ್ತವೆ. ಉಬ್ಬಸವಿದ್ದು ಇನ್‌ಹೇಲರ್ ಬಳಸುವವರು ಗರ್ಭಕ್ಕೆ ಹೆದರಿ ಅದನ್ನು ನಿಲ್ಲಿಸಬಾರದು.

ಮೂತ್ರದ ಮಾತ್ರೆಯ ಅಪಾಯ

ಈ ಮಾತು ನನ್ನ ವೃತ್ತಿಬಾಂಧವರಿಗೂ ಸೇರಿದ್ದು. ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ನೀರು, ಮೂತ್ರ ಕಡಿಮೆ ಎಂದಾಗ ಕೈ ತಾನಾಗಿ ಲ್ಯಾಸಿಕ್ಸ್ ಕಡೆಗೆ ಹೋಗುತ್ತದೆ. ಹೃದಯದ ತೊಂದರೆಯಲ್ಲಿ ಅದು ಸರಿ. ಇಲ್ಲಿ ರಕ್ತನಾಳದೊಳಗೆ ನೀರೇ ಇಲ್ಲ, ಇರುವಷ್ಟನ್ನೂ ಹಿಂಡಿ ತೆಗೆದರೆ ರಕ್ತ ಇನ್ನಷ್ಟು ಗಟ್ಟಿಯಾಗಿ ಹೆಪ್ಪು ಕಟ್ಟಲು ದಾರಿಯಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಮೊದಲು ರಕ್ತನಾಳಕ್ಕೆ ನೀರು ತುಂಬಬೇಕು, ಅಗತ್ಯವಿದ್ದರೆ ಆಲ್ಬುಮಿನ್ ಕೊಡಬೇಕು. ಮೂತ್ರದ ಔಷಧಿ ಬೇಕಾದರೂ ಅದು ಅನಂತರ, ತಜ್ಞರ ನಿಗಾದಲ್ಲಿ.

ರಕ್ತ ಪರೀಕ್ಷೆಯಲ್ಲೂ ಮೋಸಹೋಗುವ ಜಾಗವಿದೆ. ಚಿಕಿತ್ಸೆಗೆ ಮೊದಲು ಹಿಮೋಗ್ಲೋಬಿನ್ 10.5 ಇದ್ದ ಹೆಂಗಸಿಗೆ ಈಗ 14.5 ಎಂದು ವರದಿ ಬಂದರೆ ಮನೆಯವರು ಖುಷಿಪಡುತ್ತಾರೆ, ಕಬ್ಬಿಣದ ಮಾತ್ರೆ ಕೆಲಸ ಮಾಡಿತು ಎನ್ನುತ್ತಾರೆ. ಒಂದು ವಾರದಲ್ಲಿ ರಕ್ತ ಅಷ್ಟು ಹೆಚ್ಚುವುದು ಸಾಧ್ಯವೇ ಇಲ್ಲ. ರಕ್ತ ಹೆಚ್ಚಿಲ್ಲ, ಅದರೊಳಗಿನ ನೀರು ಕಡಿಮೆಯಾಗಿದೆ, ಅಷ್ಟೆ. ಹೆಮಟೋಕ್ರಿಟ್ ಎಂಬ ಅಂಕಿ ಶೇಕಡಾ 45 ದಾಟಿದ್ದರೆ ತೀವ್ರ ಎಂದೇ ಎಣಿಸಬೇಕು. ಹಳೆಯ ವರದಿಯನ್ನು ಜೊತೆಗೆ ಒಯ್ಯುವುದರ ಪ್ರಯೋಜನ ಇಲ್ಲಿ ತಿಳಿಯುತ್ತದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡುತ್ತಲೇ ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆಯುತ್ತಾರೆ. ಎಷ್ಟೋ ಬಾರಿ ಇಷ್ಟರಿಂದಲೇ ಉಸಿರು ಸಲೀಸಾಗುತ್ತದೆ, ಮೂತ್ರವೂ ಹೆಚ್ಚುತ್ತದೆ, ಎದೆಯ ನೀರೂ ಇಳಿಯುತ್ತದೆ. ಇಳಿಯದಿದ್ದರೆ ಎದೆಯಿಂದ ಬೇರೆಯಾಗಿ ತೆಗೆಯಬೇಕಾಗುತ್ತದೆ. ತಾಯಿಯನ್ನು ಸರಿಯಾಗಿ ನೋಡಿಕೊಂಡರೆ ಬಹುಪಾಲು ಗರ್ಭಗಳು ಮುಂದುವರಿಯುತ್ತವೆ. ಮುಂದೆ ಹೆರಿಗೆ ನೋಡುವ ವೈದ್ಯರಿಗೆ ಮಾತ್ರ ಇದೆಲ್ಲವನ್ನೂ ತಿಳಿಸಿ. ರಕ್ತದೊತ್ತಡ, ಅವಧಿಗೆ ಮುಂಚಿನ ಹೆರಿಗೆ ಇವುಗಳ ಬಗ್ಗೆ ಅವರು ಹೆಚ್ಚು ಎಚ್ಚರದಿಂದಿರುತ್ತಾರೆ.

ತಡೆಯುವ ದಾರಿ

ಅತಿಪ್ರಚೋದನೆಯನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದು ಈಗಿನ ಸಮಾಧಾನದ ಸಂಗತಿ. ಅಪಾಯವಿರುವವರಲ್ಲಿ ಕಡಿಮೆ ಪ್ರಮಾಣದಿಂದ ಚುಚ್ಚುಮದ್ದು ಆರಂಭಿಸುವುದು, ಕೊನೆಯಲ್ಲಿ ಎಚ್.ಸಿ.ಜಿ. ಬದಲು ದೇಹದ ಸ್ವಂತ ಹಾರ್ಮೋನನ್ನೇ ಸ್ವಲ್ಪ ಹೊತ್ತು ಚಿಮ್ಮಿಸುವ ಬೇರೆ ಚುಚ್ಚುಮದ್ದು ಬಳಸುವುದು, ಕ್ಯಾಬರ್ಗೊಲಿನ್ ಮಾತ್ರೆ ಕೊಡುವುದು ಕೆಲವು ಕ್ರಮಗಳು. ಇನ್ನೊಂದು ಒಳ್ಳೆಯ ಉಪಾಯ ಎಂದರೆ ಆ ತಿಂಗಳು ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸದೆ ಎಲ್ಲವನ್ನೂ ಶೈತ್ಯದಲ್ಲಿಟ್ಟು, ಅಂಡಾಶಯ ಶಾಂತವಾದ ಮೇಲೆ ಮುಂದಿನ ತಿಂಗಳುಗಳಲ್ಲಿ ವರ್ಗಾಯಿಸುವುದು. ಗರ್ಭದಿಂದ ಬರುವ ಎರಡನೆಯ ಬಗೆ ಆಗ ಬರುವುದೇ ಇಲ್ಲ.

ಇದಕ್ಕೊಂದು ಭಾರತೀಯ ಹಿನ್ನೆಲೆ ಇದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಜಗತ್ತಿನ ಮೊದಲ ಪ್ರನಾಳ ಶಿಶು. ಆಕೆಯ ತಾಯಿಗೆ ಪ್ರಚೋದನೆಯ ಚುಚ್ಚುಮದ್ದು ಕೊಟ್ಟಿರಲಿಲ್ಲ, ಸಹಜವಾಗಿ ಬೆಳೆದ ಒಂದೇ ಅಂಡಾಣುವನ್ನು ಬಳಸಿದ್ದರು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಹುಟ್ಟಿದ ಮಗುವಿನ ವಿಷಯದಲ್ಲಿ ಅವರು ಹಾರ್ಮೋನಿನಿಂದ ಅಂಡಾಶಯ ಪ್ರಚೋದಿಸಿ, ಭ್ರೂಣವನ್ನು ಶೈತ್ಯದಲ್ಲಿಟ್ಟು, ಬೇರೊಂದು ತಿಂಗಳಲ್ಲಿ ವರ್ಗಾಯಿಸಿದ್ದರು. ಆಗ ಅವರನ್ನು ಯಾರೂ ನಂಬಲಿಲ್ಲ. 1981ರಲ್ಲಿ ಅವರು ನೊಂದು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಜನಿಸಿದ ಪ್ರನಾಳ ಶಿಶುವಿನ ಹಿಂದಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಮೊದಲಿಗರ ಪಟ್ಟ ಅವರಿಗೆ ಸಲ್ಲಬೇಕೆಂದು ಬರೆದರು. ಅಂದು ನಗೆಗೀಡಾದ ಕ್ರಮವೇ ಇಂದು ತಾಯಂದಿರ ಶ್ವಾಸಕೋಶ ಕಾಯುತ್ತಿದೆ.

ಆದ್ದರಿಂದ ಡಾಕ್ಟರು "ಈ ತಿಂಗಳು ಭ್ರೂಣ ಇಡುವುದು ಬೇಡ, ಮುಂದೆ ನೋಡೋಣ" ಎಂದರೆ ಹಣ ಕೀಳಲು ಹೀಗೆ ಹೇಳುತ್ತಿದ್ದಾರೆಂದು ಜಗಳಕ್ಕೆ ನಿಲ್ಲಬೇಡಿ. ಕಾರಣ ಕೇಳಿ. ಊರಿಗೆ ಹೊರಡುವ ಮೊದಲು ಯಾವ ಚುಚ್ಚುಮದ್ದು, ಯಾವ ದಿನ, ಎಷ್ಟು ಅಂಡಾಣು ತೆಗೆದರು, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪಕ್ಕದ ಬೀದಿಯ ಡಾಕ್ಟರಿಗೆ ಆ ಹಾಳೆಯೇ ಅರ್ಧ ರೋಗನಿರ್ಣಯ.

ಕೊನೆಗೆ, ಬೇರೆಯವರಿಗಾಗಿ ಅಂಡಾಣು ಕೊಡುವ ಮಹಿಳೆಯರ ವಿಷಯ. ಅವರೂ ಇದೇ ಚುಚ್ಚುಮದ್ದು ಪಡೆಯುತ್ತಾರೆ, ಇದೇ ಅಪಾಯ ಅವರಿಗೂ ಇದೆ. ಹೆಚ್ಚಿನವರು ಬಡವರು, ಮನೆಯಲ್ಲಿ ಹೇಳದೆ ಬಂದವರೂ ಇರುತ್ತಾರೆ. 2021ರ ನೆರವಿನ ಸಂತಾನೋತ್ಪತ್ತಿ ಕಾಯಿದೆಯ ಪ್ರಕಾರ ದಾನಿ 23ರಿಂದ 35 ವರ್ಷದೊಳಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಅಂಡಾಣು ಪಡೆಯುವ ದಂಪತಿ ದಾನಿಯ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು. ಆ ವಿಮಾಪತ್ರದ ಪ್ರತಿ ಕೈಗೆ ಬಾರದೆ ಮೊದಲ ಚುಚ್ಚುಮದ್ದಿಗೆ ತೋಳು ಒಡ್ಡಬೇಡಿ.